ಹಾಳೆ ಟೊಪ್ಪಿ ಕೊಟ್ಟು ಅರೂಬಾದ ಪಿನ್ ತಂದೆ: ವಿಲಿಯಮ್ಸ್‌ಪೋರ್ಟಿನಲ್ಲಿ ಎರಡು ದಿನ

ನೀರ್ಚಾಲು ಮಾಷ್ಟ್ರು

ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಮೂರು ತಿಂಗಳಿದ್ದು ಚೌತಿ ಕಳೆದ ಮೇಲೆ ಊರಿಗೆ ಬಂದೆ. ಸಿಕ್ಕಿದವರೆಲ್ಲ ಕೇಳುವುದು ಒಂದೇ, ನಯಾಗರ ನೋಡಿದಿರಾ ಎಂದು. ನೋಡಿದೆ. ನೀರು ಬೀಳುತ್ತದೆ. ಆಟಿ ತಿಂಗಳಲ್ಲಿ ನಮ್ಮ ಅಂಗಳದಲ್ಲೂ ಬೀಳುತ್ತದೆ. ನನಗೆ ಹೇಳಲು ಇರುವುದು ಬೇರೆ.

ಮೊಮ್ಮಗನಿಗೆ ಹತ್ತು ವರ್ಷ. ಅವನ ಊರಿನ ಮಕ್ಕಳ ಬೇಸ್‌ಬಾಲ್ ತಂಡದಲ್ಲಿ ಬಲಗಡೆಯ ದೂರದ ಮೂಲೆಯಲ್ಲಿ ನಿಲ್ಲುತ್ತಾನೆ. ಚೆಂಡು ಅಪರೂಪಕ್ಕೆ ಬರುವ ಜಾಗ ಅದು. ಅವನ ಹಟಕ್ಕೆ ಕಟ್ಟುಬಿದ್ದು 2025ರ ಆಗಸ್ಟ್ 23 ಮತ್ತು 24ರಂದು ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿಗೆ ಹೋದೆವು. ಲಿಟಲ್ ಲೀಗ್ ವರ್ಲ್ಡ್ ಸೀರೀಸ್ ನಡೆಯುವುದು ಅಲ್ಲಿ. ಹತ್ತರಿಂದ ಹನ್ನೆರಡು ವಯಸ್ಸಿನ ಮಕ್ಕಳ ಪಂದ್ಯಾವಳಿ. ಅಮೆರಿಕದ ಹತ್ತು ತಂಡಗಳು ತಮ್ಮೊಳಗೆ ಆಡುತ್ತವೆ, ಹೊರದೇಶಗಳ ಹತ್ತು ತಂಡಗಳು ತಮ್ಮೊಳಗೆ ಆಡುತ್ತವೆ. ಎರಡೂ ಕಡೆ ಉಳಿದ ಒಂದೊಂದು ತಂಡ ಕೊನೆಯ ಭಾನುವಾರ ಎದುರಾಗುತ್ತವೆ. ನೋಡಲು ದುಡ್ಡು ಕೊಡಬೇಕಾಗಿಲ್ಲ. ಅಮೆರಿಕದಲ್ಲಿ ಮೂರು ತಿಂಗಳು ಇದ್ದು ನಾನು ಕಂಡ ಪುಕ್ಕಟೆ ವಸ್ತು ಅದೊಂದೇ.

ಮೈದಾನದ ಬೇಲಿ ಬ್ಯಾಟು ಹಿಡಿದವನಿಂದ 225 ಅಡಿ ದೂರ. ಅದರಾಚೆ ಹುಲ್ಲು ಬೆಳೆದ ಇಳಿಜಾರು ಗುಡ್ಡ. ಕ್ರೀಡಾಂಗಣದಲ್ಲಿ ಕುರ್ಚಿಗಳಿದ್ದರೂ ಜನ ಹೆಚ್ಚು ಕೂರುವುದು ಆ ಗುಡ್ಡದಲ್ಲಿ. ಬಯಲಾಟಕ್ಕೆ ಸಂಜೆಯೇ ಚಾಪೆ ಹಾಸಿಟ್ಟು ಬರುತ್ತಿದ್ದೆವಲ್ಲ, ಹಾಗೆ ಬೆಳಿಗ್ಗೆಯೇ ಬಂದು ಜಾಗ ಹಿಡಿಯುತ್ತಾರೆ. ಗುಡ್ಡದ ನೆತ್ತಿಯಿಂದ ಮಕ್ಕಳು ರಟ್ಟಿನ ತುಂಡಿನ ಮೇಲೆ ಕುಳಿತು ಸರ್ರನೆ ಜಾರಿ ಬರುತ್ತಾರೆ. ಅಡಿಕೆ ಹಾಳೆಯಲ್ಲಿ ಕುಳಿತು ತೋಟವಿಡೀ ಎಳೆಸಿಕೊಂಡು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಟ್ಟು ನಾಲ್ಕು ಸಲ ಜಾರಿದರೆ ಹರಿಯುತ್ತದೆ. ಒಂದು ಒಳ್ಳೆಯ ಹಾಳೆ ಇದ್ದಿದ್ದರೆ ಆ ಗುಡ್ಡದಲ್ಲಿ ನನ್ನ ಮೊಮ್ಮಗನೇ ರಾಜ.

ಹಾಳೆ ಇರಲಿಲ್ಲ, ಹಾಳೆಯ ಟೊಪ್ಪಿ ಇತ್ತು. ಬಿಸಿಲಿಗೆಂದು ಊರಿನಿಂದ ಒಯ್ದಿದ್ದೆ. ಅಲ್ಲಿ ಪಿನ್ ವಿನಿಮಯ ದೊಡ್ಡ ಸಂಭ್ರಮ. ಪ್ರತಿ ತಂಡಕ್ಕೂ ತನ್ನದೇ ಬಣ್ಣದ ಪುಟ್ಟ ಲೋಹದ ಪಿನ್ನುಗಳಿರುತ್ತವೆ. ಮಕ್ಕಳು, ಮುದುಕರು, ಪೊಲೀಸರು ಕೂಡ ಎದೆಗೆ, ಕೊರಳಪಟ್ಟಿಗೆ ಚುಚ್ಚಿಕೊಂಡು, ಇದಕ್ಕೆ ಅದು ಕೊಡುತ್ತೀಯಾ ಎಂದು ಚೌಕಾಸಿ ಮಾಡುತ್ತಾರೆ. ನಮ್ಮ ಪಕ್ಕದಲ್ಲಿ ಅರೂಬಾ ದ್ವೀಪದಿಂದ ಬಂದ ಒಂದು ಕುಟುಂಬ ಕುಳಿತಿತ್ತು. ಅವರ ಹುಡುಗಿ ನನ್ನ ತಲೆಯನ್ನೇ ನೋಡುತ್ತಿದ್ದಳು. ಕೊನೆಗೆ ತನ್ನ ಪಿನ್ ತೆಗೆದು ಅಂಗೈಯಲ್ಲಿ ಹಿಡಿದು ಬಂದಳು. ಭಾಷೆ ಬೇಕಾಗಲಿಲ್ಲ. ನಲುವತ್ತು ರೂಪಾಯಿಯ ಟೊಪ್ಪಿ ಹೋಯಿತು, ಪಿನ್ ನನ್ನ ಮೇಜಿನ ಮೇಲಿದೆ.

ಆ ಶನಿವಾರ ಅರೂಬಾ ತಂಡ ತೈವಾನ್ ಎದುರು 1–0ರಿಂದ ಸೋತಿತು. ತೈವಾನ್ ಅಲ್ಲಿ ಆಡುವುದು ಚೈನೀಸ್ ತೈಪೆ ಎಂಬ ಹೆಸರಿನಲ್ಲಿ. ಮರುದಿನ ತೈವಾನ್ ತಂಡ ಅಮೆರಿಕದ ನೆವಾಡಾ ತಂಡವನ್ನು 7–0ರಿಂದ ಸೋಲಿಸಿ ಪ್ರಶಸ್ತಿ ಒಯ್ದಿತು. ಅವರಿಗದು ಹದಿನೆಂಟನೆಯದು, 1996ರ ನಂತರ ಮೊದಲನೆಯದು.

ಒಂದು ಮಾತು ಗಂಟಲಲ್ಲಿ ಉಳಿದಿದೆ. ಒಂದು ಪಂದ್ಯ ಮುಗಿದಾಗ ಸೋತ ತಂಡದ ಹುಡುಗನೊಬ್ಬ ಟೊಪ್ಪಿಯಲ್ಲಿ ಮುಖ ಮುಚ್ಚಿಕೊಂಡು ನೆಲದಲ್ಲೇ ಕುಳಿತ. ದೊಡ್ಡ ಪರದೆಯಲ್ಲಿ ಅವನ ಮುಖವನ್ನು ತೋರಿಸಿದರು. ಸಾವಿರಾರು ಜನ ಎದ್ದು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಒಳ್ಳೆಯ ಮನಸ್ಸಿನಿಂದಲೇ. ಆದರೂ ಅಳುವ ಮಗುವಿನ ಎದುರು ಅಷ್ಟೊಂದು ಜನ ನಿಂತು ನೋಡುವುದು ಸರಿಯೇ ಎಂದು ಹಿಂದಿರುಗುವ ದಾರಿಯುದ್ದಕ್ಕೂ ಯೋಚಿಸಿದೆ. ನಿಮಗೆ ಏನನ್ನಿಸುತ್ತದೆ?

ತಳಂಗರೆ ಆಫ್‌ಸ್ಪಿನ್

ಮಾಷ್ಟ್ರೇ, ಬರಹ ಚೆನ್ನಾಗಿದೆ. ಆದರೆ ಕುಂಬಳೆಯ ಹೆಸರು ಹೊತ್ತವರು 619 ಟೆಸ್ಟ್ ವಿಕೆಟ್ ತೆಗೆದ ಮೇಲೂ ನೀರ್ಚಾಲಿನವರೊಬ್ಬರು ಬೇಸ್‌ಬಾಲ್ ನೋಡಲು ಹೋದರು ಎಂದರೆ ನಂಬಲಾಗುವುದಿಲ್ಲ. ಪ್ರತಿ ಎಸೆತವೂ ಫುಲ್‌ಟಾಸ್. ಫುಲ್‌ಟಾಸ್ ಹೊಡೆಯಲು ಬಾರದವರನ್ನು ನೋಡಲು ಅಷ್ಟು ದೂರ ಏಕೆ ಹೋಗಬೇಕು? ಕೇರಳ ತಂಡದಲ್ಲಿ ಆಡುವ ನಮ್ಮೂರಿನ ಅಜರುದ್ದೀನ್ 2025ರ ರಣಜಿ ಸೆಮಿಫೈನಲ್‌ನಲ್ಲಿ ಗುಜರಾತ್ ವಿರುದ್ಧ ಔಟಾಗದೆ 177 ಹೊಡೆದದ್ದನ್ನು ಮೊಬೈಲಿನಲ್ಲಿ ನೋಡಿಯಾದರೂ ಹೋಗಬಹುದಿತ್ತು. ಮೊದಲ ಇನ್ನಿಂಗ್ಸಿನಲ್ಲಿ ಕೇರಳ 457, ಗುಜರಾತ್ 455. ಕೊನೆಯ ವಿಕೆಟ್ ಬಿದ್ದದ್ದು ಹತ್ತಿರ ನಿಂತಿದ್ದ ನಮ್ಮ ಫೀಲ್ಡರನ ಹೆಲ್ಮೆಟ್ಟಿಗೆ ತಗುಲಿ ಹಾರಿದ ಚೆಂಡಿನಿಂದ. ಅಂಥದ್ದು ನಿಮ್ಮ ಆಟದಲ್ಲಿ ಉಂಟೇ?

ನೀರ್ಚಾಲು ಮಾಷ್ಟ್ರು

ಅಜರುದ್ದೀನನ ಆಟ ನೋಡಿದ್ದೇನೆ, ಬಾಯಿ ಮುಚ್ಚಿಕೊಂಡೇ ನೋಡಿದ್ದೇನೆ. ಜಗಳ ಬೇಡ. ಫುಲ್‌ಟಾಸ್ ಲೆಕ್ಕ ಮಾತ್ರ ಮಾಡೋಣ, ನಲುವತ್ತು ವರ್ಷ ಅದನ್ನೇ ಕಲಿಸಿದವನು ನಾನು.

ಈ ಮಕ್ಕಳ ಮೈದಾನದಲ್ಲಿ ಚೆಂಡು ಎಸೆಯುವ ಪಿಚರನಿಂದ ಬ್ಯಾಟಿಗೆ 46 ಅಡಿ. ದೊಡ್ಡವರ ಆಟದಲ್ಲಿ 60 ಅಡಿ 6 ಅಂಗುಲ. ಹನ್ನೆರಡರ ಹುಡುಗ ಗಂಟೆಗೆ 70 ಮೈಲಿ ವೇಗದಲ್ಲಿ ಎಸೆದ ಎನ್ನಿ. 70ನ್ನು 60.5ರಿಂದ ಗುಣಿಸಿ 46ರಿಂದ ಭಾಗಿಸಿದರೆ 92. ಅಂದರೆ ದೊಡ್ಡವರ ಮೈದಾನದಲ್ಲಿ 92 ಮೈಲಿಯ ಚೆಂಡನ್ನು ಎದುರಿಸುವವನಿಗೆ ಎಷ್ಟು ಹೊತ್ತು ಸಿಗುತ್ತದೋ ಅಷ್ಟೇ ಹೊತ್ತು ಈ ಮಗುವಿಗೂ ಸಿಗುವುದು. ಅರ್ಧ ಸೆಕೆಂಡಿಗಿಂತ ಕಡಿಮೆ. ಬ್ಯಾಟು ಉರುಟು, ಚೆಂಡು ಉರುಟು. ನೀವು ಕುಟ್ಟಿದೊಣ್ಣೆ ಆಡಿದ್ದೀರಲ್ಲ, ಹಾರುವ ಕುಟ್ಟಿಗೆ ಎಷ್ಟು ಸಲ ಗಾಳಿ ಹೊಡೆದಿದ್ದೀರಿ?

ದಮ್ಮಾಮ್‌ನಿಂದ ಉಪ್ಪಳಕ್ಕೆ

ಈ ಆಟದ ಬಗ್ಗೆ ನಮ್ಮ ಭಾಷೆಯಲ್ಲಿ ಓದುತ್ತೇನೆಂದು ನೆನೆಸಿರಲಿಲ್ಲ. ನಾನು ಸೌದಿಯಲ್ಲಿ ಹತ್ತೊಂಬತ್ತು ವರ್ಷ ವಾಹನ ಓಡಿಸಿದೆ. ದಹ್ರಾನಿನಲ್ಲಿ ತೈಲ ಕಂಪನಿಯ ನೌಕರರ ಬಡಾವಣೆ ಇದೆ. ಸುತ್ತ ಮರಳು, ಒಳಗೆ ಹಸಿರು ಹುಲ್ಲು. ಸಂಜೆ ಅಮೆರಿಕದವರ ಮಕ್ಕಳು ಅಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. ವ್ಯಾನಿನಲ್ಲಿ ಕಾಯುವುದೇ ನನ್ನ ಕೆಲಸವಾಗಿದ್ದರಿಂದ ನೋಡಿ ನೋಡಿ ನಿಯಮಗಳು ಬಾಯಿಪಾಠವಾದವು. ಆ ಬಡಾವಣೆಯ ತಂಡ ಎಷ್ಟೋ ವರ್ಷ ಸೌದಿ ಅರೇಬಿಯಾದ ಹೆಸರಿನಲ್ಲಿ ಇದೇ ವಿಲಿಯಮ್ಸ್‌ಪೋರ್ಟಿಗೆ ಹೋಗಿದೆ. ತಂಡ ಗೆದ್ದು ಬಂದರೆ ನಮಗೂ ಸಿಹಿ ಸಿಗುತ್ತಿತ್ತು. ಅಂಗಿಯ ಮೇಲೆ ಸೌದಿ, ಆಡುವವರು ಅಮೆರಿಕದವರು, ಸಂಭ್ರಮಿಸುವವರು ಉಪ್ಪಳದವರು.

ಮಾಷ್ಟ್ರೇ, ಒಂದು ಸಂದೇಹ. ಹಾಳೆ ಟೊಪ್ಪಿಯನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟರೇ?

ನೀರ್ಚಾಲು ಮಾಷ್ಟ್ರು

ಗಿಡಮರದಿಂದ ಮಾಡಿದ್ದು ಎಂದು ಅರ್ಜಿಯಲ್ಲೇ ಬರೆದುಕೊಟ್ಟೆ. ಅಧಿಕಾರಿ ಮಗುಚಿ ನೋಡಿದರು, ಬೆರಳಿನಿಂದ ತಟ್ಟಿ ನೋಡಿದರು, ಮಣ್ಣು ಬೀಜ ಏನೂ ಇಲ್ಲವೆಂದು ಮರಳಿಸಿದರು. ಮುಚ್ಚಿಟ್ಟಿದ್ದರೆ ತೊಂದರೆಯಾಗುತ್ತಿತ್ತು. ಮಾವಿನಮಿಡಿಯ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಕುಂಬಳೆ ಹೊಳೆಬದಿ

ನನ್ನ ತಮ್ಮ ಫಿಲಡೆಲ್ಫಿಯಾದಲ್ಲಿದ್ದಾನೆ. ಮುಂದಿನ ಬೇಸಿಗೆಗೆ ಮಗನನ್ನು ಕರೆದುಕೊಂಡು ಹೋಗುವ ಯೋಚನೆ ಇದೆ. ದಾರಿ, ವಸತಿ, ಊಟ ಹೇಗೆ? ವೀಸಾ ಸಂದರ್ಶನದಲ್ಲಿ ಬೇಸ್‌ಬಾಲ್ ನೋಡಲು ಎಂದರೆ ನಗುತ್ತಾರೆಯೇ? ಆ ಊರು ಎಷ್ಟು ದೊಡ್ಡದು?

ಎಡಿಸನ್ನಿನ ಬದಿಯಡ್ಕ

ಇದಕ್ಕೆ ನಾನು ಉತ್ತರಿಸಬಲ್ಲೆ, ಮೂರು ಸಲ ಹೋಗಿದ್ದೇನೆ. ನ್ಯೂಜೆರ್ಸಿಯ ಎಡಿಸನ್ನಿನಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ, ಫಿಲಡೆಲ್ಫಿಯಾದಿಂದಲೂ ಹೆಚ್ಚು ಕಡಿಮೆ ಅಷ್ಟೇ. ಊರಿನಲ್ಲಿ ಮೂವತ್ತು ಸಾವಿರಕ್ಕಿಂತ ಕಡಿಮೆ ಜನ. ಸಸ್ಕ್ವೆಹಾನಾ ಹೊಳೆಯ ಒಂದು ದಡದಲ್ಲಿ ವಿಲಿಯಮ್ಸ್‌ಪೋರ್ಟ್, ಇನ್ನೊಂದು ದಡದಲ್ಲಿ ದಕ್ಷಿಣ ವಿಲಿಯಮ್ಸ್‌ಪೋರ್ಟ್. ಮೈದಾನಗಳಿರುವುದು ದಕ್ಷಿಣದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಮರದ ದಿಮ್ಮಿಗಳ ವ್ಯಾಪಾರದಿಂದ ಕೊಬ್ಬಿದ್ದ ಊರು. ಆಗಿನ ಶ್ರೀಮಂತರ ಬಂಗಲೆಗಳು ಇನ್ನೂ ಇವೆ.

ಪಂದ್ಯಾವಳಿಯ ಹೊತ್ತಿಗೆ ಊರಿನೊಳಗೆ ಕೋಣೆ ಸಿಗುವುದಿಲ್ಲ, ಸಿಕ್ಕರೆ ಬೆಲೆ ಕೇಳಿ ಎದೆ ಒಡೆಯುತ್ತದೆ. ಲೂಯಿಸ್‌ಬರ್ಗ್ ಕಡೆ ಉಳಿದುಕೊಂಡು ಬೆಳಿಗ್ಗೆ ಹೊರಡಿ. ಆಗಸ್ಟಿನಲ್ಲಿ ಗುಡುಗು ಮಳೆ ಬಂದು ಆಟ ನಿಲ್ಲುವುದುಂಟು, ಕೊಡೆ ಇರಲಿ. ನಮ್ಮ ಮನೆಯಿಂದ ಮೊಸರನ್ನ, ಚಪಾತಿ ಒಯ್ಯುತ್ತೇವೆ. ಆವರಣದಲ್ಲಿ ಮದ್ಯ ಮಾರುವುದಿಲ್ಲ, ಆದ್ದರಿಂದ ಮಕ್ಕಳೊಂದಿಗೆ ಹೋಗಲು ಅಂಜಬೇಕಾಗಿಲ್ಲ. ಆಟಕ್ಕೆ ಆರೇ ಇನ್ನಿಂಗ್ಸ್, ಹೆಚ್ಚಾಗಿ ಎರಡು ಗಂಟೆಯ ಸುಮಾರಿಗೆ ಮುಗಿಯುತ್ತದೆ. ಮೈದಾನಗಳು ಎರಡು: 1959ರ ಲಮಾಡಿ, 2001ರ ವಾಲಂಟಿಯರ್. ಚಿಕ್ಕ ಮಗನಿದ್ದರೆ ಕೊನೆಯ ಎರಡು ದಿನ ಬೇಡ. ಮೊದಲ ವಾರದ ಮಧ್ಯೆ ಹೋಗಿ. ಜನ ಕಡಿಮೆ, ದಿನಕ್ಕೆ ಹಲವು ಪಂದ್ಯಗಳು, ಆಟಗಾರರು ಪಿನ್ ಹಿಡಿದು ನಿಮ್ಮ ನಡುವೆಯೇ ಓಡಾಡುತ್ತಿರುತ್ತಾರೆ. ಕೊನೆಯ ಎರಡು ದಿನ ಬಿಟ್ಟರೆ, ಎರಡು ಸಲ ಸೋತರೆ ಮಾತ್ರ ತಂಡ ಹೊರಹೋಗುವುದು. ಹಾಗಾಗಿ ನೀವು ಮೆಚ್ಚಿದ ತಂಡ ಮೊದಲ ದಿನವೇ ಮನೆಗೆ ಹೋಗುವ ಭಯವಿಲ್ಲ.

ವೀಸಾಕ್ಕೆ ತಮ್ಮನ ಮನೆಗೆ ಎನ್ನಿ, ಅದೇ ನಿಜವಲ್ಲವೇ. 2023ರಲ್ಲಿ ಅರ್ಜಿಯ ಶುಲ್ಕವನ್ನು 185 ಡಾಲರಿಗೆ ಏರಿಸಿದರು. ವೀಸಾ ಕೊಡದಿದ್ದರೂ ಆ ಹಣ ಮರಳುವುದಿಲ್ಲ. ಸಂದರ್ಶನಕ್ಕೆ ಚೆನ್ನೈಗೆ ಮಂಗಳೂರು ಮೇಲ್ ಹತ್ತಿದರೆ ಆಯಿತು.

ಇನ್ನೊಂದು ಸಂಗತಿ. ಲಿಟಲ್ ಲೀಗನ್ನು ಹುಟ್ಟುಹಾಕಿದವರು ಕಾರ್ಲ್ ಸ್ಟಾಟ್ಜ್ ಎಂಬ ಸಾಮಾನ್ಯ ಗುಮಾಸ್ತರು. ನೆಂಟರ ಮಕ್ಕಳ ಜೊತೆ ಅಂಗಳದಲ್ಲಿ ಆಡುತ್ತಾ, ಮಕ್ಕಳ ಅಳತೆಗೆ ತಕ್ಕ ಮೈದಾನ ಇದ್ದರೆ ಎಂದು ಯೋಚಿಸಿದರು. 1939ರಲ್ಲಿ ಮೂರು ತಂಡಗಳಿಂದ ಲೀಗ್ ಆರಂಭವಾಯಿತು. 1947ರಲ್ಲಿ ಈ ಪಂದ್ಯಾವಳಿ. ಸಂಸ್ಥೆ ಬೆಳೆದು ವ್ಯವಹಾರದ ಕೈಗೆ ಹೋಗುತ್ತಿದೆ ಎಂದು 1955ರಲ್ಲಿ ಅವರೇ ದಾವೆ ಹೂಡಿದರು, ಮರುವರ್ಷ ಸಂಬಂಧ ಕಡಿದುಕೊಂಡು ಹೊರಬಂದರು. ಅವರು ಆರಂಭಿಸಿದ ಹಳೆಯ ಮೈದಾನ ಹೊಳೆಯ ಈಚೆ ದಡದಲ್ಲಿ ಈಗಲೂ ಇದೆ. ಗುಡ್ಡದ ಗದ್ದಲ ಸಾಕೆನಿಸಿದರೆ ಅಲ್ಲಿಗೆ ಹೋಗಿ ಕೂರಿ. ನನಗಂತೂ ಇಷ್ಟವಾದದ್ದು ಅದೇ.

ಪೆರ್ಲದ ಅಕ್ಕ

ಮಾಷ್ಟ್ರು ಕೇಳಿದ ಪ್ರಶ್ನೆಯನ್ನು ಎಲ್ಲರೂ ದಾಟಿ ಹೋದಿರಿ. ನಾನು ಅದಕ್ಕೇ ಬರುತ್ತೇನೆ.

ನನ್ನ ಮಗಳು ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ತಂಡದಲ್ಲಿದ್ದಳು. ಕೇರಳದ ಕಲೋತ್ಸವ ಎಂದರೇನೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. 2019ರಲ್ಲಿ ಕಾಞಂಗಾಡಿನಲ್ಲಿ ರಾಜ್ಯ ಕಲೋತ್ಸವ ನಡೆದಾಗ ನಮ್ಮ ಜಿಲ್ಲೆಯೇ ಮದುವೆ ಮನೆಯಾಗಿತ್ತು. ಉಪಜಿಲ್ಲೆಯಲ್ಲಿ ಎರಡನೆಯ ಸ್ಥಾನ ಬಂದರೆ ಅಪೀಲು, ಅಪೀಲು ತಳ್ಳಿಹೋದರೆ ನ್ಯಾಯಾಲಯ. ವೇಷದ ಬಾಡಿಗೆ, ಭಾಗವತರ ಸಂಭಾವನೆ, ಮುಖವರ್ಣಿಕೆಯವರು, ವ್ಯಾನು. ಇಷ್ಟೆಲ್ಲ ಆಗಿ ಮಗಳು ಮಾತು ಮರೆತು ಎರಡು ಕ್ಷಣ ಸುಮ್ಮನೆ ನಿಂತಳು. ಭಾಗವತರು ಪದವನ್ನು ಮತ್ತೊಮ್ಮೆ ಎತ್ತಿ ಅವಳನ್ನು ಉಳಿಸಿದರು. ಸಭೆಯಲ್ಲಿ ಹೆಚ್ಚಿನವರಿಗೆ ಗೊತ್ತಾಗಲೇ ಇಲ್ಲ. ಚೌಕಿಯಲ್ಲಿ ಬಣ್ಣ ತೆಗೆಯುವಾಗ ಯಾರೋ ಮೊಬೈಲು ಹಿಡಿದು ಅವಳು ಅಳುವುದನ್ನು ಚಿತ್ರೀಕರಿಸಿ ಗುಂಪಿಗೆ ಹಾಕಿದರು. ಅದು ಮಾತ್ರ ಎಲ್ಲರಿಗೂ ಗೊತ್ತಾಯಿತು. ಕೆಳಗೆ ಎಲ್ಲರೂ ಹೃದಯದ ಚಿತ್ರ ಒತ್ತಿದ್ದರು. ಅವಳು ಆ ಮೇಲೆ ಗೆಜ್ಜೆ ಕಟ್ಟಲಿಲ್ಲ.

ಮಾಷ್ಟ್ರೇ, ಚಪ್ಪಾಳೆಯೂ ಭಾರವೇ. ಸೋತ ಮಗುವಿಗೆ ಬೇಕಾದದ್ದು ಕತ್ತಲೆಯ ಒಂದು ಮೂಲೆ. ನೀವು ಅದನ್ನು ಪರದೆಯ ಮೇಲೆ ನೋಡಿದಿರಿ.

ತಳಂಗರೆ ಆಫ್‌ಸ್ಪಿನ್

ಅಕ್ಕ, ತಮಾಷೆ ಮಾಡಲು ಬಂದವನು ನಾನು. ನಿಮ್ಮ ಮಾತು ಓದಿ 2024ರ ಫೈನಲಿನ ದೃಶ್ಯ ಹುಡುಕಿ ನೋಡಿದೆ. ಫ್ಲಾರಿಡಾ ಮತ್ತು ತೈವಾನ್, 1–1. ಹೆಚ್ಚುವರಿ ಇನ್ನಿಂಗ್ಸ್. ಫ್ಲಾರಿಡಾದ ಹುಡುಗ ಚೆಂಡನ್ನು ಮೆಲ್ಲಗೆ ತಟ್ಟಿ ಓಡಿದ. ತೈವಾನಿನ ಹುಡುಗ ಎತ್ತಿ, ಓಡುವವನು ಮೊದಲು ಮುಟ್ಟಬೇಕಾದ ಬೇಸ್ ಎಂಬ ಜಾಗದತ್ತ ಎಸೆದ. ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಚೆಂಡು ದೂರಕ್ಕೆ ಉರುಳಿತು, 2–1, ಮುಗಿಯಿತು. ಆ ಒಂದು ಎಸೆತವನ್ನು ಎಷ್ಟು ಕಡೆಯಿಂದ, ಎಷ್ಟು ನಿಧಾನವಾಗಿ ತೋರಿಸುತ್ತಾರೆ ಎಂದರೆ ನನಗೇ ಮುಖ ತಿರುಗಿಸುವಂತಾಯಿತು. ಕ್ರಿಕೆಟಿನಲ್ಲಿ ದೊಡ್ಡವರು ಕ್ಯಾಚು ಬಿಟ್ಟರೆ ನಾನು ಬೈಯುತ್ತೇನೆ, ಅವರಿಗೆ ಸಂಬಳ ಉಂಟು. ಇವನಿಗೆ ಹನ್ನೆರಡು ವರ್ಷ.

ಗೆದ್ದ ಹುಡುಗರು ಕುಣಿದು ಮುಗಿಸಿದ ಮೇಲೆ ಸೋತವರ ಬಳಿಗೆ ಹೋಗಿ ಅಪ್ಪಿಕೊಂಡರು. ಅದನ್ನೂ ನೋಡಿದೆ ಎಂದು ಹೇಳಬೇಕು.

ಸೀಟಿ ಟೀಚರ್

ಮುಳ್ಳೇರಿಯ ಕಡೆಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸುತ್ತೇನೆ. ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡೂ ಶಾಲಾ ಕ್ರೀಡೆಗಳ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿವೆ ಎಂದಷ್ಟೇ ಹೇಳುತ್ತೇನೆ. ನಮ್ಮ ಮುರಕಲ್ಲಿನ ಮೈದಾನದಲ್ಲಿ ಬೇಸ್‌ನತ್ತ ಜಾರಿ ಹೋದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತದೆ.

ಅಕ್ಕನ ನೋವು ಅರ್ಥವಾಗುತ್ತದೆ. ಆದರೆ ಆ ಪಂದ್ಯಾವಳಿಯಿಂದ ನಾವು ಕದಿಯಬೇಕಾದ ಒಂದು ವಸ್ತು ಇದೆ, ಅದು ಎಣಿಕೆ. ಬೆಳೆಯುವ ಮೊಣಕೈಯ ಒಳಭಾಗ ಪದೇ ಪದೇ ಎಸೆದರೆ ನೋಯುತ್ತದೆ, ವೈದ್ಯರು ಅದಕ್ಕೆ ಲಿಟಲ್ ಲೀಗ್ ಮೊಣಕೈ ಎಂದೇ ಹೆಸರಿಟ್ಟಿದ್ದಾರೆ. ಹಾಗಾಗಿ 2007ರಿಂದ ಎಸೆತಗಳ ಮಿತಿ ಬಂದಿದೆ. 11–12ರ ಮಕ್ಕಳಿಗೆ ದಿನಕ್ಕೆ 85, 9–10ರವರಿಗೆ 75. ನಮ್ಮಲ್ಲಿ ವೇಗದ ಬೌಲರ್ ಸಿಕ್ಕಿದರೆ ಬೆಳಗ್ಗಿನಿಂದ ಸಂಜೆಯವರೆಗೆ ಅವನೇ. ಊಟದ ಬಿಡುವಿನಲ್ಲೂ ಅವನನ್ನು ನೆಟ್ಟಿಗೆ ಕರೆಯುವವರನ್ನು ಕಂಡಿದ್ದೇನೆ.

ಹುಡುಗಿಯರ ಮಾತೂ ಇರಲಿ. 1974ರಿಂದ ಅಲ್ಲಿ ಹುಡುಗಿಯರಿಗೂ ಆಡಲು ಅವಕಾಶವಿದೆ. 2014ರಲ್ಲಿ ಫಿಲಡೆಲ್ಫಿಯಾದ ಮೊನೆ ಡೇವಿಸ್ ಎದುರಾಳಿಗೆ ಒಂದು ರನ್ನೂ ಕೊಡದೆ ಪಂದ್ಯ ಗೆಲ್ಲಿಸಿಕೊಟ್ಟಳು. ಆ ಪಂದ್ಯಾವಳಿಯಲ್ಲಿ ಪಿಚರಾಗಿ ಗೆದ್ದ ಮೊದಲ ಹುಡುಗಿ. ನನ್ನ ಕೋಣೆಯ ಗೋಡೆಯಲ್ಲಿ ಅವಳ ಚಿತ್ರ ಇದೆ. ಮಕ್ಕಳು ಓಟಗಾರ್ತಿಯೇ ಎಂದು ಕೇಳುತ್ತಾರೆ.

ನೀರ್ಚಾಲು ಮಾಷ್ಟ್ರು

ಟೀಚರ್ ಎಣಿಕೆಯ ಮಾತೆತ್ತಿದರು, ಇನ್ನು ನನ್ನನ್ನು ತಡೆಯಲಾಗದು. ಆ ಆಟದ ನಿಜವಾದ ರುಚಿ ನನಗೆ ಹತ್ತಿದ್ದೇ ಅಲ್ಲಿ.

85 ಎಂಬುದು ಮೇಲಿನ ಮಿತಿ ಅಷ್ಟೇ. ಅದರ ಕೆಳಗೆ ಮೆಟ್ಟಿಲುಗಳಿವೆ. 20ರ ಒಳಗೆ ಎಸೆದರೆ ಮರುದಿನವೂ ಎಸೆಯಬಹುದು. 21ರಿಂದ 35 ಆದರೆ ಒಂದು ದಿನ ವಿಶ್ರಾಂತಿ, 36ರಿಂದ 50ಕ್ಕೆ ಎರಡು ದಿನ, 51ರಿಂದ 65ಕ್ಕೆ ಮೂರು, 66 ಅಥವಾ ಹೆಚ್ಚಾದರೆ ನಾಲ್ಕು ದಿನ. ಈಗ ತರಬೇತುದಾರನ ಜಾಗದಲ್ಲಿ ನಿಂತು ನೋಡಿ. ಶನಿವಾರ ಗೆಲ್ಲಲೇಬೇಕು, ಭಾನುವಾರ ಫೈನಲ್. ಒಳ್ಳೆಯ ಪಿಚರನನ್ನು ಇಂದು ಇಪ್ಪತ್ತಕ್ಕೆ ನಿಲ್ಲಿಸಿದರೆ ನಾಳೆ ಸಿಗುತ್ತಾನೆ. ಇಪ್ಪತ್ತೊಂದನೆಯ ಚೆಂಡು ಎಸೆಯಲು ಬಿಟ್ಟರೆ ನಾಳೆ ಅವನು ಎಸೆಯುವಂತಿಲ್ಲ. ಒಂದು ಚೆಂಡಿಗೆ ಒಂದು ದಿನದ ಬೆಲೆ! ಗುಡ್ಡದಲ್ಲಿ ನನ್ನ ಹಾಗೆ ಪುಸ್ತಕ ಹಿಡಿದು ಗೀಟು ಹಾಕುವವರು ಹಲವರಿದ್ದರು. ಹದಿನೆಂಟು, ಹತ್ತೊಂಬತ್ತು ಎನ್ನುವಾಗ ನಾವೆಲ್ಲ ಮೈದಾನ ಬಿಟ್ಟು ತರಬೇತುದಾರನನ್ನೇ ನೋಡುತ್ತಿದ್ದೆವು. ಪಕ್ಕದ ಮುದುಕರು ಪ್ರತಿ ಸಲವೂ ನನಗಿಂತ ಒಂದು ಚೆಂಡು ಕಡಿಮೆ ಎಣಿಸಿದ್ದರು. ಅವರದ್ದೇ ತಪ್ಪು.

ದಮ್ಮಾಮ್‌ನಿಂದ ಉಪ್ಪಳಕ್ಕೆ

ಮಕ್ಕಳನ್ನು ಬಿಟ್ಟು ದೊಡ್ಡವರ ಕಥೆ ಹೇಳುತ್ತೇನೆ. ವಯಸ್ಸಿನ ಮೋಸ ಅಲ್ಲೂ ಉಂಟು. 2001ರಲ್ಲಿ ನ್ಯೂಯಾರ್ಕಿನ ತಂಡದ ಪಿಚರನಿಗೆ ಹದಿನಾಲ್ಕು ಎಂದು ಕಂಡುಬಂದು ತಂಡದ ಗೆಲುವುಗಳನ್ನೆಲ್ಲ ಅಳಿಸಿದರು. ಅದಕ್ಕೂ ಮೊದಲು 1992ರಲ್ಲಿ, ಹೊರಊರಿನ ಆಟಗಾರರನ್ನು ಸೇರಿಸಿದ್ದಕ್ಕೆ ಫಿಲಿಪ್ಪೀನ್ಸ್ ತಂಡದಿಂದ ಪ್ರಶಸ್ತಿಯನ್ನೇ ಹಿಂದೆಗೆದುಕೊಂಡಿದ್ದರು. ಜನನ ಪತ್ರ ತಿದ್ದಿದವರು ಮಕ್ಕಳಲ್ಲವಲ್ಲ.

2011ರಲ್ಲಿ ಉಗಾಂಡಾದ ಮಕ್ಕಳು ಗೆದ್ದು ಅರ್ಹತೆ ಪಡೆದರು. ದಾಖಲೆಗಳು ಹೊಂದಲಿಲ್ಲವೆಂದು ವೀಸಾ ಸಿಗಲಿಲ್ಲ. ಬದಲಿಗೆ ಹೋದದ್ದು ನಮ್ಮ ದಹ್ರಾನಿನ ತಂಡ. ಆ ವರ್ಷ ಸಿಹಿ ತಿಂದಾಗ ಇದು ನನಗೆ ಗೊತ್ತಿರಲಿಲ್ಲ. ಉಗಾಂಡಾದ ಮೊದಲ ಪಂದ್ಯ ಕೆನಡಾದ ಲ್ಯಾಂಗ್ಲಿ ತಂಡದ ಜೊತೆ ನಡೆಯಬೇಕಿತ್ತು. 2012ರ ಜನವರಿಯಲ್ಲಿ ಆ ಕೆನಡಾದ ಮಕ್ಕಳೇ ವಿಮಾನ ಹತ್ತಿ ಉಗಾಂಡಾಕ್ಕೆ ಹೋಗಿ, ತಪ್ಪಿಹೋದ ಪಂದ್ಯವನ್ನು ಆಡಿ ಬಂದರು. ಅದೇ ಆಗಸ್ಟಿನಲ್ಲಿ ಉಗಾಂಡಾದ ಬೇರೊಂದು ಊರಿನ ತಂಡ ವಿಲಿಯಮ್ಸ್‌ಪೋರ್ಟ್ ತಲುಪಿತು, ಆಫ್ರಿಕಾದಿಂದ ಮೊದಲನೆಯದು.

2025ರಲ್ಲಿ ವೆನೆಜುವೆಲಾದ ಹಿರಿಯ ವಯೋಮಾನದ ತಂಡಕ್ಕೂ ವೀಸಾ ಸಿಗಲಿಲ್ಲ, ಅವರ ಪಂದ್ಯಾವಳಿ ಬೇರೆ ಊರಿನಲ್ಲಿ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಜೇಶ್ವರದಿಂದ ಮಂಗಳೂರಿಗೆ ಹೋಗಲಾಗದೆ ನಿಂತವರು ನಾವು. ಗೆದ್ದ ಮೇಲೂ ದಾಟಲು ಬಿಡದ ಗಡಿ ಎಂದರೆ ಏನೆಂದು ನಮಗೆ ಹೇಳಿಕೊಡಬೇಕಾಗಿಲ್ಲ.

ಕುಂಬಳೆ ಹೊಳೆಬದಿ

ನಾನು ಕೋಣೆ ಬಾಡಿಗೆ ಕೇಳಿದವನು, ಎಲ್ಲಿಗೋ ಬಂದು ನಿಂತೆ. ಆದರೂ ಓದುತ್ತಿದ್ದೇನೆ. ಭಾರತದ ತಂಡಕ್ಕೆ ದಾರಿ ಇದೆಯೇ?

ಎಡಿಸನ್ನಿನ ಬದಿಯಡ್ಕ

ಇದೆ, ಏಷ್ಯಾ–ಪೆಸಿಫಿಕ್ ವಲಯದಲ್ಲಿ ಗೆದ್ದು ಬರಬೇಕು. ಜನಸಂಖ್ಯೆಯಿಂದ ಏನೂ ಆಗುವುದಿಲ್ಲ ಎಂಬುದಕ್ಕೆ ಮಾಷ್ಟ್ರ ಅರೂಬಾವೇ ಸಾಕ್ಷಿ. ಅಲ್ಲಿ ಇರುವುದು ಒಂದು ಲಕ್ಷದ ಸುಮಾರು ಜನ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಹದಿಮೂರು ಲಕ್ಷ. ಪಕ್ಕದ ಕುರಸಾವೊ ಇನ್ನಷ್ಟು ಸೋಜಿಗ. ಒಂದೂವರೆ ಲಕ್ಷ ಜನರ ದ್ವೀಪ, 2004ರಲ್ಲಿ ಪ್ರಶಸ್ತಿ, 2019, 2022, 2023ರಲ್ಲಿ ಫೈನಲ್. ಅಲ್ಲಿ ಮಕ್ಕಳು ಬೀದಿಯಲ್ಲಿ ಆಡುವುದೇ ಇದನ್ನು, ತಳಂಗರೆಯಲ್ಲಿ ಕ್ರಿಕೆಟ್ ಆಡುವ ಹಾಗೆ.

ಪೆರ್ಲದ ಅಕ್ಕ

ಎಲ್ಲ ಸರಿ. ಮಾಷ್ಟ್ರು ಇನ್ನೂ ನನಗೆ ಉತ್ತರ ಕೊಟ್ಟಿಲ್ಲ. ಲೆಕ್ಕದ ಹಿಂದೆ ಅಡಗಿದ್ದಾರೆ.

ನೀರ್ಚಾಲು ಮಾಷ್ಟ್ರು

ಅಡಗಿದ್ದು ನಿಜ, ಅಕ್ಕ. ಎರಡು ದಿನ ಬರೆದು ಅಳಿಸಿದೆ.

ಟಿವಿಯವರು ಎಷ್ಟೋ ವರ್ಷಗಳಿಂದ ಅಲ್ಲಿಗೆ ಬರುತ್ತಿದ್ದಾರೆ, ಹೋಗಿ ಎಂದರೆ ಹೋಗುವವರಲ್ಲ. ತಂಡಗಳ ಪ್ರಯಾಣ, ಊಟ, ವಸತಿ ಎಲ್ಲವನ್ನೂ ಸಂಸ್ಥೆಯೇ ನೋಡಿಕೊಳ್ಳುತ್ತದೆ, ಪ್ರವೇಶಕ್ಕೂ ಕಾಸಿಲ್ಲ ಎಂದರೆ ಹಣ ಎಲ್ಲಿಂದಲೋ ಬರಬೇಕಲ್ಲ. ಪುಕ್ಕಟೆ ಎಂದು ಮೇಲೆ ಹೊಗಳಿದೆ. ನನ್ನ ಪಾಲಿನ ಟಿಕೆಟ್ ಹಣವನ್ನು ಆ ಹುಡುಗನ ಮುಖ ಕೊಟ್ಟಿತು ಎಂದು ಈಗ ಕಾಣುತ್ತದೆ.

ಆದರೆ ಪರದೆಯಲ್ಲಿ ಕಾಣದ್ದೂ ಇತ್ತು. ಎಲ್ಲ ತಂಡಗಳ ಮಕ್ಕಳೂ ಒಂದೇ ಆವರಣದಲ್ಲಿ ಒಟ್ಟಿಗೆ ಉಳಿಯುತ್ತಾರೆ. ಪ್ರತಿ ತಂಡಕ್ಕೂ ಊರಿನ ಸ್ವಯಂಸೇವಕರು ಜೊತೆಗಿರುತ್ತಾರೆ, ಮೊದಲೆಲ್ಲ ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದರಂತೆ. ಆ ಶನಿವಾರ ಸಂಜೆ ಗುಡ್ಡದ ಕೆಳಗೆ ನಡೆದು ಬರುವಾಗ, ಅಳುತ್ತಿದ್ದ ತಂಡದ ಅಂಗಿ ತೊಟ್ಟ ಮೂವರು ಹುಡುಗರು ರಟ್ಟಿನ ಮೇಲೆ ಜಾರುತ್ತಿದ್ದರು. ಪರದೆಯಲ್ಲಿ ಕಂಡ ಹುಡುಗ ಅವರಲ್ಲಿ ಇದ್ದನೋ ಇಲ್ಲವೋ. ಇದ್ದ ಎಂದು ಬರೆಯಲು ಬಹಳ ಆಸೆಯಾಯಿತು. ಅದಕ್ಕೇ ಎರಡು ದಿನ ಅಳಿಸಿದ್ದು.

ಇನ್ನೊಂದು ಸಲ ಹೋದರೆ, ಪಂದ್ಯ ಮುಗಿದ ಕೂಡಲೇ ಚಾಪೆ ಸುತ್ತಿ ಬೆನ್ನು ತಿರುಗಿಸುತ್ತೇನೆ. ನನ್ನ ಕೈಯಲ್ಲಿರುವುದು ಅಷ್ಟೇ. ಮಗಳಿಗೆ ನನ್ನ ಹೆಸರು ಹೇಳಬೇಡಿ, ನಾನು ಗಣಿತದವನೆಂದು ಗೊತ್ತಾದರೆ ಇನ್ನಷ್ಟು ದೂರ ಓಡಿಯಾಳು.

ಪೆರ್ಲದ ಅಕ್ಕ

ಅವಳು ಈಗ ಪ್ಲಸ್ ಟೂನಲ್ಲಿ ಓದುತ್ತಿದ್ದಾಳೆ, ಗಣಿತದಲ್ಲಿ ನನಗಿಂತ ಮುಂದಿದ್ದಾಳೆ. ನೀವು ಬರೆದದ್ದನ್ನು ಓದಿ ಹೇಳಿದೆ. ಒಂದು ಚೆಂಡಿಗೆ ಒಂದು ದಿನ ಎಂಬಲ್ಲಿ ತಲೆ ಎತ್ತಿದಳು. 20 ಎಸೆದಾಗ ಎದುರಿನವನು ಇನ್ನೂ ಔಟಾಗಿರದಿದ್ದರೆ ಮಧ್ಯದಲ್ಲೇ ತೆಗೆಯಬೇಕೇ ಎಂದು ಕೇಳಿದಳು. ಉತ್ತರ ಗೊತ್ತಿದ್ದರೆ ಹೇಳಿ.

ನೀರ್ಚಾಲು ಮಾಷ್ಟ್ರು

ಒಳ್ಳೆಯ ಪ್ರಶ್ನೆ! ತೆಗೆಯಬೇಕಾಗಿಲ್ಲ. ಎದುರಿಗಿರುವ ಬ್ಯಾಟರನ ಆಟ ಮುಗಿಯುವವರೆಗೆ ಎಸೆಯಬಹುದು. ಆಮೇಲೆ ಇಳಿದರೆ ಮಿತಿ ದಾಟಿಲ್ಲವೆಂದೇ ಲೆಕ್ಕ. ಅವಳು ನೇರವಾಗಿ ಕಠಿಣ ಜಾಗಕ್ಕೇ ಕೈ ಹಾಕಿದ್ದಾಳೆ.

ಸೀಟಿ ಟೀಚರ್

ಒಂದು ಸುದ್ದಿ. ಮಳೆ ಬಿಟ್ಟ ಶನಿವಾರ ಮಧ್ಯಾಹ್ನ ಆರನೆಯ, ಏಳನೆಯ ತರಗತಿಯವರನ್ನು ಸೇರಿಸಿ ಆಡಿಸಿದೆ. ಹಲಸಿನ ಕೊಂಬಿನಿಂದ ಆಚಾರಿ ಕಡೆದು ಕೊಟ್ಟ ಬ್ಯಾಟು, ಟೆನಿಸ್ ಚೆಂಡು, ನಾಲ್ಕು ಬೇಸುಗಳಿಗೆ ನಾಲ್ಕು ಅಡಿಕೆ ಹಾಳೆ. ಜಾರಬೇಡಿ ಎಂದಿದ್ದೆ. ಒಬ್ಬ ಜಾರಿದ. ಹಾಳೆಯ ಮೇಲೆ ಬಿದ್ದು ಹಾಳೆಯ ಸಮೇತ ಆರು ಅಡಿ ಮುಂದೆ ಹೋದ. ಈಗ ಅವನು ಔಟೋ ಅಲ್ಲವೋ ಎಂದು ಇಡೀ ತರಗತಿ ಎರಡು ಪಾಲಾಗಿದೆ. ಬೇಸ್ ಮುಟ್ಟಿಕೊಂಡೇ ಇದ್ದನಲ್ಲ, ಬೇಸೇ ಓಡಿದರೆ ಅವನ ತಪ್ಪೇ ಎನ್ನುತ್ತಾರೆ. ಎಸೆತ ಎಣಿಸುವ ಕೆಲಸಕ್ಕೆ ಮೂವರು ಹುಡುಗಿಯರ ಜಗಳ ಬೇರೆ.

ತಳಂಗರೆ ಆಫ್‌ಸ್ಪಿನ್

ನಾಟ್ ಔಟ್. ಕ್ರಿಕೆಟಿನವನಾಗಿಯೂ ಹೇಳುತ್ತೇನೆ.

ನೀರ್ಚಾಲು ಮಾಷ್ಟ್ರು

ಔಟಲ್ಲ. ಬೇಸು ಕಿತ್ತು ಬಂದರೆ ತಪ್ಪು ಬೇಸಿನದ್ದು. ಟೀಚರ್, ಹಾಳೆಯ ನಾಲ್ಕು ಮೂಲೆಗೂ ಮೊಳೆ ಹೊಡೆಯಬೇಡಿ, ಕಾಲಿಗೆ ತಾಗೀತು. ಮಣ್ಣು ತುಂಬಿದ ಗೋಣಿಚೀಲ ಇಡಿ. ಮುಂದಿನ ಶನಿವಾರ ನಾನು ಬರುತ್ತೇನೆ, ಪುಸ್ತಕ ನನ್ನದೇ ತರುತ್ತೇನೆ. ಅಂಗಿಗೆ ಅರೂಬಾದ ಪಿನ್ ಇರುತ್ತದೆ. ಮಕ್ಕಳು ಎಷ್ಟು ಕೇಳಿದರೂ ಅದನ್ನು ಮಾತ್ರ ಕೊಡುವುದಿಲ್ಲ.